ಬೀಗ ಹಾಕಿದ ಡ್ರಮ್ಮು

ಮನೆಯವರು ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದದ್ದು ಚೆಕಿಂಗ್ ಎಂದು. ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಟಿಕೆಟ್ ಇಲ್ಲದವನು ಮೊದಲು ಕಿಟಕಿಯಾಚೆ ನೋಡುತ್ತಾನೆ, ಆಮೇಲೆ ಜೇಬು ತಡಕುತ್ತಾನೆ, ಕೊನೆಗೆ "ಹಿಂದಿನವರ ಹತ್ರ ಇದೆ ಸಾರ್" ಅನ್ನುತ್ತಾನೆ. ಇದಷ್ಟು ಅವರಿಗೆ ಕರತಲಾಮಲಕ. ಕೆಲಸ ಮುಗಿದರೂ ಕಣ್ಣಿನ ಚಾಳಿ ಮುಗಿದಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಹಾಲಿನ ಪ್ಯಾಕೆಟ್ಟನ್ನೂ ಅಂಗೈಯಲ್ಲಿ ತೂಗಿ ನೋಡಿಯೇ ಒಳಗೆ ಬಿಡುತ್ತಿದ್ದರು.

ಕುಡಿಯುವ ನೀರಿನ ಕ್ಯಾನ್ ತರುವವನ ಮೇಲಂತೂ ಅವರಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. "ಯಾವ ಹೊಂಡದ್ದು ತುಂಬಿಸ್ತಾನೋ ಏನೋ. ನಾವು ಕುಡಿಯೋದು ಕುಡಿಯೋಣ, ಪಾಪುಗೆ ಮಾತ್ರ ನಲ್ಲಿ ನೀರನ್ನೇ ಕಾಯಿಸಿ ಹಾಲು ಕಲಸು" ಎಂದು ಮಗಳಿಗೆ ತಾಕೀತು ಮಾಡಿದ್ದರು. ಮೊಮ್ಮಗಳು ಇನ್ನೂ ಕತ್ತು ನಿಲ್ಲದ ಕೂಸು. ತಾಯಿಹಾಲು ಸಾಲದೆ ಡಬ್ಬದ ಹಾಲಿನಲ್ಲಿ ಬೆಳೆಯುತ್ತಿತ್ತು. ಆ ಕೂಸಿನ ಮೇಲೆ ಅವರಿಗೆ ಜೀವ. ಅದೊಂದರ ಮೇಲೆ ಮಾತ್ರ ಅನುಮಾನವಿರಲಿಲ್ಲ.

ಮನೆಯ ಮುಂದೆ ಚಿಕ್ಕ ಹುಲ್ಲುಹಾಸು, ಅದರ ಅಂಚಿಗೆ ದಾಸವಾಳ, ಗೇಟಿನ ಬಳಿ ಗುಲಾಬಿ ಸಾಲು. ಅಳಿಯ ಎಲ್ಲಕ್ಕೂ ಹನಿ ನೀರಿನ ಪೈಪು ಹಾಕಿಸಿದ್ದ. ಅಡುಗೆಮನೆ, ಬಚ್ಚಲಿಗೆ ನೀರು ಕೊಡುವ ಪೈಪಿನಿಂದಲೇ ಒಂದು ಕವಲು ತೋಟಕ್ಕೆ. ಆ ಕವಲಿಗೆ ಗೊಬ್ಬರ ಕರಗಿಸಿದ ಡ್ರಮ್ಮು ಜೋಡಿಸಿತ್ತು. ಡ್ರಮ್ಮಿನಾಚೆಗಿನ ತೋಟದ ನಲ್ಲಿ ತಿರುಗಿಸಿದರೆ ನೀರು ಗೊಬ್ಬರವನ್ನೂ ಎಳೆದುಕೊಂಡು ಪ್ರತಿ ಗಿಡದ ಬುಡಕ್ಕೆ ಹನಿಯುತ್ತಿತ್ತು. ಬಿಳಿ ಪುಡಿ, ಕರಗಿದ ಮೇಲೆ ನೀರಿಗೂ ಅದಕ್ಕೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ.

ಎಲ್ಲ ಸರಿ, ಗೇಟಿನ ಬಳಿಯ ಗುಲಾಬಿಗೆ ಮಾತ್ರ ಹನಿ ಸೊರಗುತ್ತಿತ್ತು. ಚೆಕಿಂಗ್ ಪೈಪಿನುದ್ದಕ್ಕೂ ತಪಾಸಣೆ ನಡೆಸಿ ಅಪರಾಧಿಯನ್ನು ಹಿಡಿದರು. ಕವಲು ಒಡೆಯುವ ಕಡೆ ಹೆಬ್ಬೆರಳಿನಷ್ಟು ಹಿತ್ತಾಳೆ ವಾಲ್ವು. ನೀರನ್ನು ತೋಟದ ಕಡೆ ಬಿಡುತ್ತಿತ್ತು, ವಾಪಸ್ ಬರಗೊಡುತ್ತಿರಲಿಲ್ಲ. ತೋಟಕ್ಕೆ ಹೋದ ನೀರು ಯಾವ ಕರ್ಮಕ್ಕೆ ವಾಪಸ್ ಬರುತ್ತದೆ? ಸುಮ್ಮನೆ ಒತ್ತಡ ತಿನ್ನುತ್ತಿದೆ ಎಂದುಕೊಂಡು ಅದನ್ನು ಬಿಚ್ಚಿ, ಅಲ್ಲಿಗೆ ತುಂಡು ಪೈಪು ಸಿಕ್ಕಿಸಿ, ವಾಲ್ವನ್ನು ತಮ್ಮ ಟ್ರಂಕಿಗೆ ಸೇರಿಸಿದರು. ಯಾರಿಗೂ ಹೇಳಲಿಲ್ಲ. ಗುಲಾಬಿ ಮೊಗ್ಗು ಬಿಟ್ಟಾಗ ಮಾತ್ರ ಮೀಸೆಯಲ್ಲೇ ನಕ್ಕರು.

ಆ ನಗು ಬಹಳ ದಿನ ಬಾಳಲಿಲ್ಲ. ಡ್ರಮ್ಮಿನ ಮಟ್ಟ ಇಳಿಯತೊಡಗಿತು. ತೋಟದ ನಲ್ಲಿ ಬಿಗಿಯಾಗಿ ಮುಚ್ಚಿದ್ದ ದಿನವೂ ಇಳಿಯಿತು. ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದರು. ಬೆಳಗ್ಗೆ ಗೆರೆಯಲ್ಲಿದ್ದದ್ದು ಸಂಜೆಗೆ ಅದರ ಕೆಳಗೆ. ಹುಲ್ಲು ಕತ್ತರಿಸಲು ಬರುವ ತೋಟದವನು ಪಕ್ಕದ ಮನೆಗಳಲ್ಲೂ ಕೆಲಸ ಮಾಡುತ್ತಿದ್ದ. ಆ ಮನೆಗಳ ದಾಸವಾಳ ಇತ್ತೀಚೆಗೆ ಮಿರಮಿರ ಮಿಂಚುತ್ತಿತ್ತು. ಇನ್ನೇನು ಸಾಕ್ಷಿ ಬೇಕು?

"ಬಕೆಟ್ಟಲ್ಲಿ ಏನಿದೆಯಪ್ಪಾ?" ಎಂದು ಗೇಟಿನಲ್ಲಿ ಅಡ್ಡ ನಿಂತರು.

"ಒಣ ಎಲೆ ಸಾರ್."

"ಎಲೆ ಕೆಳಗೆ?"

ತೋಟದವನು ಬಕೆಟ್ಟನ್ನು ಅವರ ಕಾಲಬುಡದಲ್ಲೇ ಬೋರಲು ಹಾಕಿದ. ಎಲೆಯೇ ಇತ್ತು. "ನಿಮ್ಮನೆ ಗೊಬ್ಬರ ತಿಂದು ನಾನೇನು ಚಿಗುರಬೇಕಾ ಸಾರ್? ಬೇರೆಯವರನ್ನ ನೋಡ್ಕೊಳ್ಳಿ" ಎಂದು ಹೊರಟವನು ಮತ್ತೆ ಬರಲಿಲ್ಲ. ಸಿಕ್ಕಿಬಿದ್ದವನೇ ಹೀಗೆ ಹಾರಾಡುವುದು ಎಂದು ಚೆಕಿಂಗ್ ಮಗಳಿಗೆ ವಿವರಿಸಿದರು.

ಯಾವುದಕ್ಕೂ ಇರಲಿ ಎಂದು ಡ್ರಮ್ಮನ್ನು ಕೂಲಿಯವರಿಂದ ತಾರಸಿಗೆ ಏರಿಸಿ, ಪೈಪು ಉದ್ದ ಮಾಡಿಸಿ, ತಾರಸಿಯ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಈಗ ಡ್ರಮ್ಮು ಮೊದಲಿಗಿಂತ ಬೇಗ ಖಾಲಿಯಾಗತೊಡಗಿತು!

ಹಾಗಾದರೆ ಕಳ್ಳ ಒಳಗಿನವನು. ಕೀಲಿ ಸೊಂಟದಿಂದ ಇಳಿಯುವುದು ಅವರು ಸ್ನಾನಕ್ಕೆ ಹೋದಾಗ ಮಾತ್ರ. ಅಳಿಯನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಅಡುಗೆಮನೆಯ ಕಿಟಕಿಯಲ್ಲಿ ನೀರಿನ ಬಾಟಲಿಗೆ ಅವನು ಸಿಕ್ಕಿಸಿದ್ದ ಬಳ್ಳಿ, ವರ್ಷವೆಲ್ಲ ಮುಖ ಗಂಟಿಕ್ಕಿಕೊಂಡಿದ್ದದ್ದು, ಈಗ ಅಂಗೈಯಗಲದ ಎಲೆ ಬಿಟ್ಟಿತ್ತು.

"ಇದಕ್ಕೇನು ಹಾಕ್ತೀರಿ?" ಊಟಕ್ಕೆ ಕೂತಾಗ ಕೇಳಿದರು.

"ಏನೂ ಇಲ್ಲ ಮಾವ. ನಲ್ಲಿ ನೀರು."

"ಹೂಂ, ನಲ್ಲಿ ನೀರು."

ಅಳಿಯ ತಟ್ಟೆ ನೋಡಿಕೊಂಡು ಉಂಡ. ಕನ್ನಡಕದ ಅಂಗಡಿಯವನು ಅವನು, ಊರಿಗೆಲ್ಲ ನೋಟ ಸರಿಮಾಡುವವನಿಗೆ ಮಾವನ ನೋಟ ಅರ್ಥವಾಗದೆ ಇದ್ದೀತೆ? ಮಗಳಿಗೂ ಅರ್ಥವಾಗಿ ಅವಳು ಮುಖ ಊದಿಸಿಕೊಂಡಳು. ಅವಳ ತಲೆಬಿಸಿ ಬೇರೆಯೇ ಇತ್ತು. ಕೂಸು ಕೆಲವು ದಿನದಿಂದ ಸಪ್ಪಗಿತ್ತು, ತುಟಿಯ ಬಣ್ಣ ಮಂಕಾಗಿತ್ತು. ಚೆಕಿಂಗ್ ಅದಕ್ಕೂ ಅಪರಾಧಿಯನ್ನು ಹಿಡಿದಿದ್ದರು: ಮಗಳೇ ಕೂಸನ್ನು ಫ್ಯಾನಿನ ಕೆಳಗೆ ಮಲಗಿಸಿ ಚಳಿ ಹಿಡಿಸಿದ್ದಾಳೆ.

ಮರುದಿನ ಮಧ್ಯಾಹ್ನ ಮಗಳು ಅಡುಗೆಮನೆಯಲ್ಲಿ ನಲ್ಲಿಗೆ ಪಾತ್ರೆ ಹಿಡಿದು ನಿಂತಿದ್ದಳು. ನೀರು ನೂಲಿನಂತೆ ಸಣ್ಣಗೆ ಬೀಳುತ್ತಿತ್ತು.

"ಮೋಟಾರ್ ಹಾಕೋಕೆ ಕರೆಂಟ್ ಇಲ್ಲಪ್ಪಾ. ಮೇಲಿನ ಟ್ಯಾಂಕ್ ಖಾಲಿ."

"ಖಾಲಿ ಆದ್ರೆ ಇದೆಲ್ಲಿಂದ ಬರ್ತಿದೆ?"

"ಪೈಪಲ್ಲಿ ಉಳಿದಿದ್ದಿರ್ಬೇಕು. ದಿನಾ ಕರೆಂಟ್ ಹೋಗಿ ಟ್ಯಾಂಕ್ ಖಾಲಿ ಆದಾಗ್ಲೂ ಹೀಗೆ ಸಣ್ಣಗೆ ಬರ್ತಾನೇ ಇರುತ್ತೆ. ಪುಣ್ಯ, ಪಾಪು ಹಾಲಿಗೆ ಸಾಲುತ್ತೆ."

ಚೆಕಿಂಗ್ ತಾರಸಿಗೆ ಹೋದದ್ದು ಟ್ಯಾಂಕ್ ನೋಡಲಿಕ್ಕಲ್ಲ, ಮಗಳೂ ಸುಳ್ಳು ಹೇಳುತ್ತಿದ್ದಾಳೋ ಎಂದು ನೋಡಲಿಕ್ಕೆ. ಟ್ಯಾಂಕಿನ ಮುಚ್ಚಳ ಎತ್ತಿದರು. ಒಣಗಿತ್ತು. ಪಕ್ಕದಲ್ಲಿ ಡ್ರಮ್ಮು. ಅದರ ಮುಚ್ಚಳ ಎತ್ತಿದರು. ಅವರು ನೋಡನೋಡುತ್ತಿದ್ದಂತೆ ನೀರು ಗೆರೆ ಬಿಟ್ಟು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಕೆಳಗೆ ಅಡುಗೆಮನೆಯಲ್ಲಿ ಪಾತ್ರೆ ತುಂಬುವ ಸದ್ದು ಕೇಳುತ್ತಿತ್ತು.

ಕಳ್ಳ ಕಣ್ಣೆದುರೇ ಸಿಕ್ಕಿದ್ದ. ಟ್ರಂಕಿನಲ್ಲಿ ಮಲಗಿದ್ದ ಹಿತ್ತಾಳೆ ತುಂಡು ನೆನಪಾಯಿತು. ನೀರು ಯಾವ ಕರ್ಮಕ್ಕೆ ವಾಪಸ್ ಬರುತ್ತದೆ ಎಂಬುದು ಈಗ ತಿಳಿಯಿತು. ಮೆಟ್ಟಿಲು ಎಡವುತ್ತ ಇಳಿದು ಬಂದು ಮಗಳ ಕೈಯಿಂದ ಆ ಪಾತ್ರೆ ಕಿತ್ತುಕೊಂಡರು.

"ಕುಡಿಸ್ಬೇಡ! ಅದು ಗೊಬ್ಬರದ ನೀರು! ಏಳು, ಆಸ್ಪತ್ರೆಗೆ ನಡಿ!"

ಆಸ್ಪತ್ರೆಯಲ್ಲಿ ಕೂಸಿನ ಮೂಗಿಗೆ ನಳಿಕೆ ಇಟ್ಟರು, ರಕ್ತ ತೆಗೆದರು, ಔಷಧಿ ಏರಿಸಿದರು. ಅಳಿಯ ಅಂಗಡಿಯಿಂದ ಓಡಿ ಬಂದ. ತುಂಬಾ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು ಹೇಳಿದರು, "ಗೊಬ್ಬರ ರಕ್ತಕ್ಕೆ ಸೇರಿತ್ತು. ಕಾಯಿಸಿದ್ರೆ ಅದು ಹೋಗಲ್ಲ. ಇನ್ನು ಸ್ವಲ್ಪ ದಿನ ಕುಡಿಸಿದ್ರೆ ಕಷ್ಟ ಇತ್ತು. ಈಗ ಭಯ ಇಲ್ಲ. ಆದ್ರೆ ಇಂಥ ಲೈನಿಗೆ ನೀರು ವಾಪಸ್ ಬಾರದ ಹಾಗೆ ವಾಲ್ವ್ ಇರ್ಬೇಕಲ್ವಾ? ಹಾಕಿಸಿರ್ಲಿಲ್ವಾ?"

ಅಳಿಯ ಹಲ್ಲು ಕಚ್ಚಿದ. "ಹಾಕಿಸಿದ್ದೆ ಡಾಕ್ಟ್ರೇ. ಆ ತೋಟದವನೇ ತೆಗೆದಿದ್ದಾನೆ. ಮಾವ ಮೊದಲಿನಿಂದ ಹೇಳ್ತಿದ್ರು, ನಾವೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಅವನನ್ನ ಸುಮ್ನೆ ಬಿಡಲ್ಲ ನಾನು."

ಮಗಳು ತಂದೆಯ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಕೃತಜ್ಞತೆಯಿತ್ತು. ಎಷ್ಟೋ ದಿನದ ಮೇಲೆ ಅವಳು ಅವರನ್ನು ಹಾಗೆ ನೋಡಿದ್ದಳು.

ಚೆಕಿಂಗ್ ಕಿಟಕಿಯಾಚೆ ನೋಡಿದರು. ಆಮೇಲೆ ಜೇಬು ತಡಕಿದರು. ಹೊರಡುವ ಗಡಿಬಿಡಿಯಲ್ಲೂ ಟ್ರಂಕಿನಿಂದ ತೆಗೆದು ತಂದಿದ್ದ ವಾಲ್ವು ಅಲ್ಲೇ ಇತ್ತು. ಹಿಂದಿನವರ ಹತ್ತಿರ ಇದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಸಿದ್ಧವಾಗಿ, ಅಳಿಯನೇ ಒದಗಿಸಿಕೊಟ್ಟಂತೆ.

ವಾಲ್ವನ್ನು ಹೊರತೆಗೆದು ಅಳಿಯನ ಅಂಗೈಯಲ್ಲಿಟ್ಟರು.

"ಅವನಲ್ಲ. ನಾನೇ ತೆಗೆದೆ. ಗುಲಾಬಿಗೋಸ್ಕರ."

ಅಳಿಯ ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿದ. ಮಗಳು ಬೆಂಚಿನ ಮೇಲೆ ಅವರ ಪಕ್ಕದಿಂದ ಸರಿದು ಆಚೆ ತುದಿಗೆ ಕೂತಳು. ಚೆಕಿಂಗ್ ಎದ್ದು ನಿಂತರು. ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ.