ಗೋವೆಯ ಗಡಿಯಲ್ಲಿ ತಡೆದಾಗ

ನ್ಯಾಮತಿಯ ಪೇಟೆ ಬೀದಿಗೆ ದಫೇದಾರರು ಕಾಲಿಟ್ಟರೆ ಸಾಕು, ಅರ್ಧ ಬೀದಿಯ ಬಾಗಿಲುಗಳು ಮುಚ್ಚುತ್ತಿದ್ದವು. ಯಾರೂ ಏನೂ ಮಾಡಿರುತ್ತಿರಲಿಲ್ಲ. ಆದರೂ ಹೊಲದಿಂದ ಬರುತ್ತಿದ್ದವರು ದಾರಿ ಬಿಟ್ಟು ಓಣಿ ಹಿಡಿಯುತ್ತಿದ್ದರು, ಹೆಂಗಸರು ಒಳಗೆ ಸರಿಯುತ್ತಿದ್ದರು. ಓಡಿದವನನ್ನು ಕಂಡರೆ ದಫೇದಾರರಿಗೆ ಅನುಮಾನ. ಅವನನ್ನೇ ಹಿಡಿಯುತ್ತಿದ್ದರು.

ಇದು ಹಳೆಯ ಕಾಲದ ಮಾತು ಅನ್ನಬೇಡಿ. ಇಂದಿಗೂ ಪೊಲೀಸರು ನಿಲ್ಲಿಸಿದರೆ ನಮ್ಮಲ್ಲಿ ಒಬ್ಬ ಓಡುತ್ತಾನೆ, ಇನ್ನೊಬ್ಬ ಹೊಡೆಯಲು ಕೈ ಎತ್ತುತ್ತಾನೆ. ನಿಂತು ಮಾತಾಡುವುದು ಹೇಗೆಂದು ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನಮ್ಮೂರಿನಲ್ಲಾದರೆ ಗೌಡರೋ ಶಾನುಭೋಗರೋ ಬಂದು ಬಿಡಿಸುತ್ತಿದ್ದರು. ಪರದೇಶದಲ್ಲಿ ಯಾರು ಬರುತ್ತಾರೆ?

ನ್ಯಾಮತಿಯ ಸಿದ್ದಲಿಂಗಮ್ಮನಿಗೆ ಈ ಪ್ರಶ್ನೆ ಎದುರಾದದ್ದು ೧೯೪೬ರಲ್ಲಿ, ದೀಪಾವಳಿ ಕಳೆದ ಮೇಲೆ.

ಆಕೆಯ ಗಂಡ ಮರುಳಪ್ಪ ಅಡಿಕೆ, ಮೆಣಸಿನಕಾಯಿ ವ್ಯಾಪಾರಸ್ಥ. ಕಿರಿಯ ಮಗಳನ್ನು ಜಗಳೂರಿಗೆ ಕೊಟ್ಟು ಮದುವೆ ಮಾಡಿದ ಮೇಲೆ ಮನೆಯಲ್ಲಿ ಗಂಡಹೆಂಡಿರಿಬ್ಬರೇ. ಸಮುದ್ರ ನೋಡಬೇಕೆಂಬುದು ಸಿದ್ದಲಿಂಗಮ್ಮನ ಬಹುದಿನದ ಆಸೆ. ಗೋವೆಗೆ ಹೋದರೆ ರೈಲು ಸಮುದ್ರದ ದಡಕ್ಕೇ ಹೋಗಿ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಆಗ ಗೋವೆ ಪೋರ್ಚುಗೀಸರ ಕೈಯಲ್ಲಿತ್ತು. ಪೊಲೀಸರು ಬೇರೆ, ಕಾನೂನು ಬೇರೆ, ಭಾಷೆ ಬೇರೆ. ನಮ್ಮವರ ಪಾಲಿಗೆ ಅದು ಪರದೇಶವೇ.

ಹೊರಡುವ ಎರಡು ದಿನ ಮುಂಚೆ ನೆರೆಮನೆಯ ಪ್ರೇಮಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದಳು. ಅವಳ ಗಂಡ ರಂಗಣ್ಣ ಗೋವೆಯ ಗಡಿಯ ಹತ್ತಿರದ ರೈಲು ನಿಲ್ದಾಣದಲ್ಲಿ ಗುಮಾಸ್ತನಾಗಿದ್ದು, ಪಿಂಚಣಿ ಬಂದ ಮೇಲೆ ಹೆಂಡತಿಯೊಡನೆ ಊರಿಗೆ ಮರಳಿದವನು. ಸುತ್ತಿಟ್ಟ ಹಾಸಿಗೆ ಸುರುಳಿ, ಹುರಿದಿಟ್ಟ ಶೇಂಗಾ ನೋಡಿ ಪ್ರೇಮಮ್ಮ ಜಗುಲಿಯ ಮೇಲೆ ಕುಳಿತೇಬಿಟ್ಟಳು.

"ಸಿದ್ದಲಿಂಗಕ್ಕ, ಈ ವರ್ಷ ಅಲ್ಲಿ ಗದ್ದಲ ಐತಂತೆ. ಪರಂಗಿ ಸರ್ಕಾರದ ಮೇಲೆ ಜನ ಎದ್ದಾರೆ. ಈ ಕಡೆಯಿಂದ ಹೋದೋರನ್ನೆಲ್ಲ ಅನುಮಾನದಾಗೆ ನೋಡ್ತಾರೆ. ಗಡಿ ದಾಟಿದ ಕೂಡ್ಲೆ ರೈಲಿಂದ ಇಳಿಸಿ ಗಂಟುಮೂಟೆ ಬಿಚ್ಚಿಸ್ತಾರೆ."

ಒಳಗೆ ಗಾದಿಯ ಮೇಲೆ ಕುಳಿತಿದ್ದ ಮರುಳಪ್ಪ ಅಲ್ಲಿಂದಲೇ ಹೇಳಿದ. "ಬಿಚ್ಚಿಸ್ಲಿ ಬಿಡಮ್ಮ. ನಾವೇನು ಕಳ್ಳಮಾಲು ಹೊರ್ತೀವಾ? ತಪ್ಪು ಮಾಡದೋರಿಗೆ ಇದೆಲ್ಲ ಯಾಕೆ?"

"ತಪ್ಪು ಮಾಡದೋರನ್ನೂ ನಿಲ್ಲಿಸ್ತಾರೆ ಅಣ್ಣಾರೆ. ನೀವು ತಪ್ಪು ಮಾಡಿಲ್ಲ ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ನಿಮ್ಮ ಮಾತು ಅವ್ರಿಗೆ ತಿಳಿಯಲ್ಲ, ಅವ್ರ ಮಾತು ನಿಮಗೆ ತಿಳಿಯಲ್ಲ. ಅವ್ರು ಮೊದ್ಲು ನೋಡೋದು ನಿಮ್ಮ ಕೈನ. ಕೈ ಮೇಲೆ ಹೋತು ಅಂದ್ರೆ ಆಮೇಲೆ ನೀವು ಏನು ಹೇಳಿದ್ರೂ ಕೇಳಲ್ಲ."

ಮರುಳಪ್ಪ ನಕ್ಕು ತನ್ನ ಕೆಲಸಕ್ಕೆ ತಿರುಗಿದ. ಸಿದ್ದಲಿಂಗಮ್ಮ ಮಾತ್ರ ಹತ್ತಿರ ಸರಿದು ಕುಳಿತಳು.

"ಹೆಂಗಸ್ರನ್ನೂ ಹುಡುಕ್ತಾರಾ?"

"ಹುಡುಕ್ತಾರೆ. ಆದ್ರೆ ಗಂಡಸು ಮುಟ್ಟಾಕೆ ಬಂದ್ರೆ ಸುಮ್ನಿರಬ್ಯಾಡ. ಹೆಂಗಸು ಬರ್ಲಿ, ಮರೆ ಇರೋ ಕೋಣೆ ಆಗ್ಲಿ ಅಂತ ಕೇಳು. ಕೂಗಬ್ಯಾಡ, ನಿಂತು ಕೇಳು. ನಾನು ಅಲ್ಲಿದ್ದಾಗ ಹಂಗೆ ಕೇಳಿದೋರಿಗೆ ಕರೆಸಿ ಕೊಟ್ಟಿದ್ದು ಕಂಡೀನಿ. ಮತ್ತೆ, ಗೊತ್ತಿಲ್ಲದ ಭಾಷೆ ಕಾಗದಕ್ಕೆ ರುಜು ಹಾಕಬ್ಯಾಡ್ರಿ. ಬಲ್ಲೋರು ಓದಿ ಹೇಳಿದ ಮೇಲೆ ಹಾಕ್ರಿ." ಪ್ರೇಮಮ್ಮ ಸ್ವಲ್ಪ ತಡೆದು ದನಿ ತಗ್ಗಿಸಿದಳು. "ಇನ್ನೊಂದು ಮಾತು, ತಪ್ಪು ತಿಳೀಬ್ಯಾಡ. ನಿಮ್ಮ ಕೊರಳಾಗಿನ ಲಿಂಗದ ಕರಡಿಗೆ ನೋಡಿದ್ರೆ ಅದೇನು ಅಂತ ಕೇಳೇ ಕೇಳ್ತಾರೆ. ಅವ್ರು ಲಿಂಗ ಕಂಡೋರಲ್ಲ. ಬೆಳ್ಳಿ ಡಬ್ಬಿ ಅಂತ ತಿಳ್ಕಂತಾರೆ. ಅವ್ರು ಕೈ ಹಾಕೋದಕ್ಕಿಂತ ಮುಂಚೆ ನೀವೇ ಹೇಳಿಬಿಡ್ರಿ."

ಇದು ಮರುಳಪ್ಪನ ಕಿವಿಗೂ ಬಿತ್ತು. ಅವನ ಮುಖ ಬಿಗಿಯಿತು. "ಲಿಂಗಕ್ಕೆ ಕೈ ಹಾಕಾಕೆ ಬಂದೋನಿಗೆ ನಾನು ಮಾತಿನಾಗೆ ಹೇಳಲ್ಲ" ಎಂದ.

ಪ್ರೇಮಮ್ಮ ಹೆಪ್ಪು ತೆಗೆದುಕೊಂಡು ಎದ್ದು ಹೋದಳು.

ಹೊನ್ನಾಳಿ ದಾಟಿ ಹರಿಹರದವರೆಗೆ ಬಸ್ಸು, ಅಲ್ಲಿಂದ ರೈಲು. ಹುಬ್ಬಳ್ಳಿಯಲ್ಲಿ ಇಳಿದು ಮುಂದಿನ ಗಾಡಿ ಹತ್ತಿದರು. ಲೋಂಡಾ ನಿಲ್ದಾಣದಲ್ಲಿ ಅಚ್ಚುಕಟ್ಟಾಗಿ ಕೋಟು ತೊಟ್ಟವನೊಬ್ಬ ಕೈಯಲ್ಲೊಂದು ಗಂಟು ಹಿಡಿದು ಕಿಟಕಿಯ ಹತ್ತಿರ ಬಂದು ಮರುಳಪ್ಪನಿಗೆ ನಮಸ್ಕರಿಸಿದ. ಗೋವೆಯ ಮಡಗಾಂವ್‌ನಲ್ಲಿ ತನ್ನ ತಂಗಿ ಇದ್ದಾಳೆ, ಈ ಗಂಟು ಒಯ್ದರೆ ಅವಳ ಕಡೆಯವರು ನಿಲ್ದಾಣಕ್ಕೇ ಬಂದು ತೆಗೆದುಕೊಳ್ಳುತ್ತಾರೆ ಎಂದ. ಮರುಳಪ್ಪ ಆಗಲೇ ಕೈ ಚಾಚಿದ್ದ.

"ಬ್ಯಾಡ" ಎಂದಳು ಸಿದ್ದಲಿಂಗಮ್ಮ. "ಅಣ್ಣಾರೆ, ನಮ್ಮದಲ್ಲದ ಗಂಟು ನಾವು ಒಯ್ಯಲ್ಲ. ಬ್ಯಾಸರ ಮಾಡ್ಕಬ್ಯಾಡ್ರಿ."

ಆತ ಗಂಟು ಹಿಡಿದು ರೈಲಿನ ಮುಂದಿನ ಡಬ್ಬಿಗೆ ಹೋದ. "ಮನುಷ್ಯತ್ವ ಇಲ್ದೋಳು" ಎಂದು ಮರುಳಪ್ಪ ಗೊಣಗಿ, ಹೆಂಡತಿಗೆ ಬೆನ್ನು ತಿರುಗಿಸಿ ಕುಳಿತ. ಆ ಗಂಟಿನಲ್ಲಿ ಏನಿತ್ತೋ, ಆಕೆಗೆ ಕೊನೆಗೂ ತಿಳಿಯಲಿಲ್ಲ.

ಘಟ್ಟ ಇಳಿಯುವಾಗ ದೊಡ್ಡ ಅಬ್ಬಿಯೊಂದು ಕಿಟಕಿಯ ಹತ್ತಿರದಲ್ಲೇ ಧುಮುಕುತ್ತಿತ್ತು. ನೀರಿನ ಹನಿ ಮುಖಕ್ಕೆ ತಾಗಿತು. ಸಿದ್ದಲಿಂಗಮ್ಮ ಒರೆಸಿಕೊಳ್ಳಲಿಲ್ಲ. ಅಬ್ಬಿಯೇ ಹೀಗಿದ್ದರೆ ಸಮುದ್ರ ಹೇಗಿರಬಹುದೆಂದು ಯೋಚಿಸುತ್ತ ಕುಳಿತಳು.

ಗಡಿ ದಾಟಿ ಮೊದಲ ನಿಲ್ದಾಣ ಬಂದಾಗ ಮಧ್ಯಾಹ್ನವಾಗಿತ್ತು. ಪೊಲೀಸರು ಎಲ್ಲರನ್ನೂ ಕೆಳಗಿಳಿಸಿ, ಅವರವರ ಸಾಮಾನಿನ ಮುಂದೆ ನಿಲ್ಲಿಸಿದರು. ಅವರ ಅಧಿಕಾರಿ ಎತ್ತರದ ಆಳು, ಬಿಸಿಲಿಗೆ ಮುಖ ಕೆಂಪಾಗಿತ್ತು. ಜೊತೆಗಿದ್ದ ಪೊಲೀಸಿನವನು ಹಾಸಿಗೆ ಸುರುಳಿ ಬಿಚ್ಚಿ ಕೊಡವಿದ. ರೊಟ್ಟಿಯ ಗಂಟು ಬಿಚ್ಚಿದ. ವಿಭೂತಿಯ ಗಟ್ಟಿಯನ್ನು ಮೂಸಿ ನೋಡಿ, ಒಳಗೆ ಏನಾದರೂ ಇದೆಯೋ ಎಂದು ಮುರಿದ. ಬಿಳಿಯ ಪುಡಿ ನೆಲಕ್ಕೆ ಉದುರಿತು.

ಮರುಳಪ್ಪನ ಉಸಿರು ಜೋರಾಗುತ್ತಿರುವುದು ಸಿದ್ದಲಿಂಗಮ್ಮನಿಗೆ ಕೇಳಿಸುತ್ತಿತ್ತು. "ರೀ, ಸುಮ್ನಿರ್ರಿ" ಎಂದಳು.

ಅಷ್ಟರಲ್ಲಿ ಪೊಲೀಸಿನವನು ಮರುಳಪ್ಪನ ಎದೆಯ ಮೇಲೆ ಅಂಗಿಯೊಳಗೆ ಉಬ್ಬಿದ್ದ ಕರಡಿಗೆಯನ್ನು ಕಂಡು ಏನೋ ಕೇಳಿದ. ಅದು ಯಾವ ಭಾಷೆಯೋ ಇವರಿಗೆ ತಿಳಿಯಲಿಲ್ಲ. ಉತ್ತರ ಬಾರದ್ದಕ್ಕೆ ಅವನು ಕೈ ಚಾಚಿದ. ಮರುಳಪ್ಪ ಆ ಕೈಯನ್ನು ಬಲವಾಗಿ ಹೊಡೆದು ಸರಿಸಿ, ಅವನ ಎದೆ ಹಿಡಿದು ನೂಕಿದ. ಪೊಲೀಸಿನವನು ಹಾಸಿಗೆಯ ಮೇಲೆ ಮುಗ್ಗರಿಸಿ ಬಿದ್ದ.

ಮುಂದಿನದು ಕಣ್ಣು ಮಿಟುಕಿಸುವುದರೊಳಗೆ ಆಯಿತು. ಇಬ್ಬರು ಬಂದು ಮರುಳಪ್ಪನ ತೋಳು ಹಿಂದಕ್ಕೆ ತಿರುಚಿ, ನಿಲ್ದಾಣದ ಕೊನೆಯ ಕೋಣೆಗೆ ಎಳೆದೊಯ್ದರು. ಬಾಗಿಲು ಮುಚ್ಚಿತು.

ಸಿದ್ದಲಿಂಗಮ್ಮನಿಗೆ ಓಡಿಹೋಗಿ ಆ ಬಾಗಿಲು ಬಡಿಯಬೇಕೆನಿಸಿತು. ಅಧಿಕಾರಿಯ ಕಾಲಿಗೆ ಬೀಳಬೇಕೆನಿಸಿತು. ಎರಡನ್ನೂ ಮಾಡಲಿಲ್ಲ. ಸೆರಗು ಬಿಗಿಯಾಗಿ ಹೊದ್ದು, ಎರಡೂ ಕೈ ಕಾಣುವಂತೆ ಮುಂದೆ ಹಿಡಿದು, ಸುತ್ತ ನಿಂತಿದ್ದ ಜನರ ಕಡೆ ತಿರುಗಿದಳು.

"ಇಲ್ಲಿ ಕನ್ನಡ ಬಲ್ಲೋರು ಯಾರಾದ್ರೂ ಅದೀರಾ?"

ಆಕೆ ಇನ್ನೊಮ್ಮೆ ಕೇಳಿದಳು. ಆಗ ಗುಂಪಿನ ಹಿಂದಿನಿಂದ, ಕೈಯಲ್ಲಿ ಛತ್ರಿ ಹಿಡಿದಿದ್ದ ಗೋವೆಯ ಕ್ರಿಸ್ತಿಯನ್ ಹೆಂಗಸೊಬ್ಬಳು ಮುಂದೆ ಬಂದಳು.

"ನಾ ಧಾರವಾಡದಾಗ ಓದೀನ್ರೀ ಅಕ್ಕಾರ. ಇಲ್ಲೆ ಸಾಲಿ ಟೀಚರ್ ಅದೀನಿ. ಏನ ಹೇಳಬೇಕು ಹೇಳ್ರಿ, ಅವರಿಗೆ ತಿಳಿಸ್ತೀನಿ."

ಸಿದ್ದಲಿಂಗಮ್ಮ ಅಧಿಕಾರಿಯ ಮುಖ ನೋಡಿ ಮಾತಾಡಿದಳು, ಟೀಚರು ಒಂದೊಂದೇ ಮಾತನ್ನು ಅವನ ಭಾಷೆಗೆ ತಿರುಗಿಸಿದಳು. "ನನ್ನ ಗಂಡ ನಿಮ್ಮ ಆಳನ್ನ ನೂಕಿದ್ದು ತಪ್ಪು. ಒಪ್ತೀನಿ. ಆದ್ರೆ ಆತನ ಎದೆ ಮೇಲಿರೋದು ಡಬ್ಬಿ ಅಲ್ಲ, ಅದರಾಗೆ ನಮ್ಮ ದೇವರೈತೆ. ನನ್ನ ಕೊರಳಾಗೂ ಐತೆ. ಮಣ್ಣಿಗೆ ಹೋಗುವಾಗಲೂ ಅದು ನಮ್ಮ ಜೊತೆಗೇ ಬರ್ತೈತೆ. ನೀವು ನೋಡಬೇಕಂದ್ರೆ ನಾನೇ ತೆಗೆದು ತೋರಿಸ್ತೀನಿ. ನೀವು ಮುಟ್ಟಬ್ಯಾಡ್ರಿ. ನನ್ನ ಮೈ ಹುಡುಕೋದಾದ್ರೆ ಹೆಂಗಸು ಬರ್ಲಿ."

ಅಧಿಕಾರಿ ಟೀಚರನ್ನು ಏನೋ ಕೇಳಿದ. ಕೊನೆಗೆ ತಲೆಯಾಡಿಸಿ, ನಿಲ್ದಾಣದ ಹಿಂದಿನ ಮನೆಯಿಂದ ಒಬ್ಬ ಹೆಂಗಸನ್ನು ಕರೆಸಿದ.

ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆ ಹೆಂಗಸು ಸಿದ್ದಲಿಂಗಮ್ಮನ ಸೀರೆಯ ಮಡಿಕೆ, ಎಲೆಅಡಿಕೆ ಚೀಲ ತಡಕಿ ನೋಡಿದಳು. ಟೀಚರು ಜೊತೆಯಲ್ಲೇ ಇದ್ದಳು. ಅವಮಾನವಾಗಲಿಲ್ಲವೆಂದಲ್ಲ. ಸಿದ್ದಲಿಂಗಮ್ಮ ಗೋಡೆಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೈ ತೊಳೆಯಲು ನೀರು ಕೇಳಿದಳು. ಬಾಗಿಲು ತೆರೆಸಿ, ಹೊಸ್ತಿಲಾಚೆ ನಿಂತಿದ್ದ ಅಧಿಕಾರಿಯ ಎದುರಿಗೆ ಕರಡಿಗೆ ಬಿಚ್ಚಿ, ದಿನವೂ ಪೂಜೆಯಲ್ಲಿ ಮಾಡುವಂತೆ ಲಿಂಗವನ್ನು ಎಡಗೈ ಅಂಗೈಯ ಮೇಲಿಟ್ಟುಕೊಂಡಳು. ಬರಿದಾದ ಕರಡಿಗೆಯನ್ನು ತಿರುಗಿಸಿ ತೋರಿಸಿದಳು.

ಅವನು ಬಗ್ಗಿ ನೋಡಿದ, ಮುಟ್ಟಲಿಲ್ಲ. ಸಾಕು ಎಂದು ಕೈಸನ್ನೆ ಮಾಡಿದ.

ಆಮೇಲೆ ಆಕೆಯನ್ನೂ ಟೀಚರನ್ನೂ ಮರುಳಪ್ಪನ ಕೋಣೆಗೆ ಬಿಟ್ಟರು. ಅವನು ನೆಲದ ಮೇಲೆ ಕುಳಿತಿದ್ದ. ಕರಡಿಗೆಯ ಶಿವದಾರ ಕಡಿದುಹೋಗಿತ್ತು. ಕರಡಿಗೆ ಮೇಜಿನ ಮೇಲೆ ಯಾರದೋ ಬೀಡಿ ಕಟ್ಟುಗಳ ಪಕ್ಕದಲ್ಲಿ ಬಾಯಿ ತೆರೆದು ಬಿದ್ದಿತ್ತು.

"ದೀಕ್ಷೆ ಆದಾಗಿಂದ ಒಂದು ಗಳಿಗೆ ಮೈಬಿಟ್ಟು ಇರ್ಲಿಲ್ಲ" ಎಂದ ಮರುಳಪ್ಪ. ಅವನು ಅಳುವುದನ್ನು ಆಕೆ ತನ್ನ ಸಂಸಾರದಲ್ಲಿ ಅದುವರೆಗೆ ನೋಡಿರಲಿಲ್ಲ. "ನಾನಿನ್ನು ನೀರು ಮುಟ್ಟಲ್ಲ ಕಣೇ."

"ಮುಟ್ತೀರಿ" ಎಂದಳು ಸಿದ್ದಲಿಂಗಮ್ಮ. ಟೀಚರ ಮೂಲಕ ಅಧಿಕಾರಿಯ ಅಪ್ಪಣೆ ಕೇಳಿ, ಲಿಂಗವನ್ನು ತಾನೇ ಎತ್ತಿಕೊಂಡಳು. ನೀರಿನಿಂದ ತೊಳೆದು ಕರಡಿಗೆಗೆ ಇಟ್ಟು, ತನ್ನ ಸೆರಗಿನ ಅಂಚು ಹರಿದು ಹೊಸೆದು ದಾರ ಮಾಡಿ, ಅವನ ಕೊರಳಿಗೆ ಕಟ್ಟಿದಳು. "ಊರಿಗೆ ಹೋದ ಮೇಲೆ ಮಠದ ಅಯ್ಯನೋರು ಏನು ಹೇಳ್ತಾರೋ ಹಂಗೆ ಮಾಡಾನ. ಈಗ ನೀರು ಕುಡೀರಿ."

ಅಧಿಕಾರಿ ಒಂದು ಕಾಗದ ಮುಂದಿಟ್ಟು ರುಜು ಹಾಕುವಂತೆ ತೋರಿಸಿದ. ಸೋತುಹೋಗಿದ್ದ ಮರುಳಪ್ಪ ಲೇಖನಿಗೆ ಕೈ ನೀಡಿದ. ಸಿದ್ದಲಿಂಗಮ್ಮ ಆ ಕೈ ಹಿಡಿದಳು. ಟೀಚರು ಕಾಗದ ಓದಿ ಕನ್ನಡದಲ್ಲಿ ಹೇಳಿದಳು. ಕಾರಣವಿಲ್ಲದೆ ಪೊಲೀಸನ ಮೇಲೆ ಕೈ ಮಾಡಿದನೆಂದು ಅದರಲ್ಲಿತ್ತು.

"ಕೈ ಮಾಡಿದ್ದು ಬರೀಲಿ" ಎಂದಳು ಸಿದ್ದಲಿಂಗಮ್ಮ. "ದೇವರಿಗೆ ಕೈ ಚಾಚಿದ್ದಕ್ಕೆ ಮಾಡಿದ ಅಂತಾನೂ ಬರೀಲಿ. ನಮ್ಮ ಸಾಮಾನಿನಾಗೆ ಏನೂ ಸಿಗಲಿಲ್ಲ ಅಂತಾನೂ ಬರೀಲಿ. ಆಮೇಲೆ ರುಜು ಹಾಕ್ತಾರೆ."

ಅಧಿಕಾರಿ ಸಿಡುಕಿದ. ಟೀಚರು ಮತ್ತೆ ಮತ್ತೆ ಹೇಳಿದಳು. ಕೊನೆಗೆ ಅವನು ಕೆಳಗೆ ಎರಡು ಸಾಲು ಸೇರಿಸಿದ. ಟೀಚರು ಅದನ್ನೂ ಓದಿ ಹೇಳಿದ ಮೇಲೆ ಮರುಳಪ್ಪ ರುಜು ಹಾಕಿದ. ಪೊಲೀಸನನ್ನು ನೂಕಿದ್ದಕ್ಕೆ ಜೈಲಿಗೆ ಹಾಕಬಹುದಿತ್ತಂತೆ. ಹಾಗೆ ಮಾಡದೆ, ಘಟ್ಟ ಹತ್ತುವ ಮುಂದಿನ ಗಾಡಿಯಲ್ಲಿ ಇಬ್ಬರನ್ನೂ ಹಿಂದಕ್ಕೆ ಕಳಿಸಿದರು. ಯಾರೂ ಕ್ಷಮೆ ಕೇಳಲಿಲ್ಲ. ಟೀಚರು ಗಾಡಿ ಹೊರಡುವತನಕ ಕಿಟಕಿಯ ಹತ್ತಿರ ನಿಂತಿದ್ದಳು. ಸಿದ್ದಲಿಂಗಮ್ಮ ಅವಳ ಕೈಗೆ ಶೇಂಗಾದ ಗಂಟು ಕೊಟ್ಟಳು. ಕೊಡಲು ಬೇರೇನೂ ಇರಲಿಲ್ಲ.

ಸಮುದ್ರ ಅಲ್ಲಿಂದ ಇನ್ನು ಕೆಲವೇ ಹರದಾರಿ ದೂರವಿತ್ತು. ಸಿದ್ದಲಿಂಗಮ್ಮ ಅದನ್ನು ಬದುಕಿರುವತನಕ ನೋಡಲಿಲ್ಲ.

ಊರಿಗೆ ಬಂದ ಮೇಲೆ ಅಯ್ಯನವರು ಹೊಸ ಶಿವದಾರ ಹಾಕಿ ಆಶೀರ್ವದಿಸಿದರು. ಆದರೂ ಮರುಳಪ್ಪ ಗೋವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಬೇಸಿಗೆಯಲ್ಲಿ ಕತ್ತಲಗೆರೆಯ ಹಾಲೇಶಪ್ಪ ಹೆಂಡತಿ ಗಿಡ್ಡಮ್ಮನನ್ನು ಕರೆದುಕೊಂಡು ಮನೆಯ ಮುಂಭಾಗದಲ್ಲಿದ್ದ ಮರುಳಪ್ಪನ ಅಂಗಡಿಗೆ ಬಂದ. ನೆಂಟರ ಜೊತೆ ಅವರೂ ಗೋವೆಗೆ ಹೊರಟಿದ್ದರು. ದಾರಿ ಹೇಗೆ, ಊಟಕ್ಕೆ ಏನು ಕಟ್ಟಿಕೊಳ್ಳಬೇಕು ಎಂದೆಲ್ಲ ಕೇಳಿದ. "ಪೊಲೀಸ್ರ ಕಾಟ ಐತೆ ಅಂತಾರೆ. ನಾನೇನು ಹೆದರಲ್ಲ ಬಿಡ್ರಿ, ನಾಕು ಬಿಟ್ರೆ ಸರಿಹೋಗ್ತಾರೆ" ಎಂದು ನಕ್ಕ.

ಮರುಳಪ್ಪ ಎದ್ದು ಹೋಗುತ್ತಾನೆಂದು ಬಾಗಿಲ ಮರೆಯಲ್ಲಿದ್ದ ಸಿದ್ದಲಿಂಗಮ್ಮ ಎಣಿಸಿದ್ದಳು. ಅವನು ಏಳಲಿಲ್ಲ.

"ನಾನೂ ಕೈ ಎತ್ತಿದೆ ಕಣಪ್ಪ" ಎಂದ. "ಅದಕ್ಕೇ ಲಿಂಗ ಮೈಯಿಂದ ಹೋತು. ಈಕೆ ಕೂಗಲಿಲ್ಲ, ಕಾಲಿಗೆ ಬೀಳಲಿಲ್ಲ. ನಿಂತ್ಕಂಡು ಮಾತಾಡಿದ್ಳು. ಈಕೆ ಲಿಂಗಾನ ಯಾರೂ ಮುಟ್ಟಲಿಲ್ಲ. ಪ್ರೇಮಮ್ಮ ನಮ್ಮ ಜಗುಲಿ ಮೇಲೇ ಕುಂತು ಎಲ್ಲ ಹೇಳಿದ್ಳು, ನಾನು ನಕ್ಕೆ. ನೀನು ನಗಬ್ಯಾಡ." ಆಮೇಲೆ ಒಳಗೆ ಮುಖ ಮಾಡಿ, "ಏನೇ, ಹೊರಗೆ ಬಾ. ಇವ್ರಿಗೆ ಕುಂತು ಹೇಳು" ಎಂದ.

ಸಿದ್ದಲಿಂಗಮ್ಮ ಹೊರಗೆ ಬಂದು ಗಿಡ್ಡಮ್ಮನ ಪಕ್ಕದಲ್ಲಿ ಕುಳಿತು ಹೇಳತೊಡಗಿದಳು. ಹಾಲೇಶಪ್ಪ ನಗುವುದನ್ನು ಬಿಟ್ಟು ಕೇಳಿದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ನಮ್ಮ ಊರುಗಳಿಂದ ಯಾತ್ರೆಗೆ, ಪ್ರವಾಸಕ್ಕೆ, ಮಕ್ಕಳನ್ನು ನೋಡಲು ಪರದೇಶಕ್ಕೆ ಹೋಗುವವರು ಎಷ್ಟೋ ಜನ. ಅಲ್ಲಿ ಪೊಲೀಸರು ನಿಮ್ಮನ್ನು ತಡೆದರೆ ಅದು ನೀವು ಕಳ್ಳರೆಂದಲ್ಲ. ನಿಲ್ಲಿ. ಕೈ ಕಾಣುವಂತಿರಲಿ. ಯಾಕೆ ತಡೆದಿರಿ ಎಂದು ಮೆಲ್ಲಗೆ ಕೇಳಿ, ಭಾಷೆ ಬಾರದಿದ್ದರೆ ಬಲ್ಲವರನ್ನು ಕರೆಸಿ ಎನ್ನಿ. ಪರರ ಚೀಲವನ್ನು, ಎಷ್ಟೇ ಬೇಕಾದವರಾದರೂ, ಒಳಗೇನಿದೆ ಎಂದು ನೋಡದೆ ಹೊರಬೇಡಿ. ಮೈಮೇಲಿನ ದೇವರು, ತಾಳಿ, ತಾಯತ ಯಾವುದಿದ್ದರೂ ಅವರು ಕೈ ಚಾಚುವ ಮುಂಚೆ ನೀವೇ ಹೇಳಿ. ಹೆಂಗಸರು ಹೆಂಗಸರಿಂದಲೇ ತಪಾಸಣೆಯಾಗಲಿ ಎಂದು ಕೇಳಲು ನಾಚಬೇಕಾಗಿಲ್ಲ. ಅರ್ಥವಾಗದ ಕಾಗದಕ್ಕೆ ರುಜು ಹಾಕಬೇಡಿ. ಹಿಡಿದಿಟ್ಟರೆ ನಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳಿ. ಅದರ ದೂರವಾಣಿ ಸಂಖ್ಯೆಯನ್ನೂ ಪಾಸ್‌ಪೋರ್ಟಿನ ಒಂದು ಪ್ರತಿಯನ್ನೂ ಹೊರಡುವ ಮುಂಚೆಯೇ ಬೇರೆ ಚೀಲದಲ್ಲಿ ಇಟ್ಟುಕೊಂಡಿರಿ.

ದೇಶದಿಂದ ದೇಶಕ್ಕೆ ಕಾನೂನು ಬೇರೆಯಾಗುತ್ತದೆ. ಕೇಳಿದ್ದೆಲ್ಲ ಸಿಗುತ್ತದೆಂದು ಯಾರೂ ಮಾತು ಕೊಡಲಾರರು. ಆದರೆ ಕೇಳಲು ಬಾಯಿ ಬರಬೇಕಾದರೆ ಮೊದಲು ತಿಳಿದಿರಬೇಕು. ನಿಮ್ಮ ಮನೆಯಿಂದ ಯಾರಾದರೂ ಹೊರಡುವವರಿದ್ದರೆ ಇಂದೇ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳಿ.