ಮೂರು ಕೋಟ್ ಬಣ್ಣದಡಿಯ ಬೋಲ್ಟು

ಮಕ್ಕಳ ಪಾರ್ಕಿನಲ್ಲಿ ಹೊಸ ಗೋಡೆಯೊಂದು ಎದ್ದಿತ್ತು. ಅಂಗೈ ಇಟ್ಟರೆ ಸಾಕು, ಅಲ್ಲಿ ದೀಪ ಹತ್ತಿ ಬಣ್ಣ ಬದಲಾಗುತ್ತದೆ. ಪಕ್ಕದಲ್ಲೇ ಅದರ ವೈರುಗಳೆಲ್ಲ ಸೇರುವ ಕಬ್ಬಿಣದ ಪೆಟ್ಟಿಗೆ. ಅದೋ, ನೋಡಿದವರು ಮುಖ ಸಿಂಡರಿಸುವ ಹಾಗಿತ್ತು. ಅದಕ್ಕೆ ಅಂದ ಕೊಡುವ ಕೆಲಸ ನಮ್ಮ ಪೇಂಟರಣ್ಣನ ಪಾಲಿಗೆ ಬಂತು.

ಪೇಂಟರಣ್ಣ ಯಾವ ಕೆಲಸವನ್ನೂ ಕಾಟಾಚಾರಕ್ಕೆ ಮಾಡುವವನಲ್ಲ. ಬಾಗಿಲಂಚಿನ ರಬ್ಬರು ಕಿತ್ತ, ಬೋಲ್ಟಿಗೆ ಬಿಗಿದಿದ್ದ ಹಸಿರು ವೈರು ಬಿಚ್ಚಿದ, ಒಳಗೂ ಹೊರಗೂ ಮೂರು ಕೋಟ್ ಹೊಡೆದ. ಒಣಗಿದ ಮೇಲೆ ವೈರನ್ನು ಇದ್ದಲ್ಲೇ ಬಿಗಿದ. ರಬ್ಬರು ಬಣ್ಣಕ್ಕೆ ಅಂಟೀತೆಂದು ಆಚೆ ಎಸೆದ.

ಸಂಜೆಗೆ ಉದ್ಘಾಟನೆ. ಮಧ್ಯಾಹ್ನ ಪರೀಕ್ಷೆಗೆ ಬಂದವಳು ಅವನ ಸ್ವಂತ ತಂಗಿ, ವೈರಿಂಗ್ ಕೆಲಸದವಳು. ಮೇನ್ ಸ್ವಿಚ್ ಇನ್ನೂ ಆರಿಸಿಯೇ ಇದೆ ಎಂದು ನೋಡಿಕೊಂಡು, ಮೀಟರಿನ ಒಂದು ಕಡ್ಡಿಯನ್ನು ಹಸಿರು ವೈರಿಗೆ, ಇನ್ನೊಂದನ್ನು ಪೆಟ್ಟಿಗೆಯ ಬಣ್ಣ ತಾಗದ ಅಡಿಯಂಚಿಗೆ ಇಟ್ಟಳು. ಎರಡೂ ಕೂಡಿದ್ದರೆ ಪೀಂ ಎನ್ನಬೇಕಿದ್ದ ಮೀಟರು ಕುಂಯ್ ಎನ್ನಲಿಲ್ಲ.

"ಅಣ್ಣಾ, ಅರ್ತ್ ಸಿಗ್ತಾನೇ ಇಲ್ಲ. ಕರೆಂಟನ್ನ ನೆಲಕ್ಕೆ ಇಳಿಸೋ ಈ ಹಸಿರು ವೈರು ಪೆಟ್ಟಿಗೆಗೆ ತಾಗೇ ಇಲ್ಲ."

"ಏನ್ ಮಾತು ಆಡ್ತೀಯೆ! ಬೋಲ್ಟು ಎಷ್ಟು ಗಟ್ಟಿಯಾಗಿ ಬಿಗಿದಿದ್ದೀನಿ, ಕಾಣಲ್ವಾ?"

"ಬಿಗಿದಿರೋದು ಬಣ್ಣದ ಮೇಲೆ. ಬಣ್ಣದಲ್ಲಿ ಕರೆಂಟ್ ಹರಿಯಲ್ಲ. ನೀರು ಇಳಿದೋ, ವೈರು ಸವೆದೋ ಪೆಟ್ಟಿಗೆಗೆ ಕರೆಂಟ್ ಬಂತು ಅನ್ನು. ಅರ್ತ್ ಸರಿ ಇದ್ರೆ ಸ್ವಿಚ್ ತಾನೇ ಟ್ರಿಪ್ ಆಗಿ ಕರೆಂಟ್ ನಿಲ್ಲುತ್ತೆ. ಇಲ್ಲಾಂದ್ರೆ ಮುಟ್ಟೋರಿಗೋಸ್ಕರ ಕಾಯ್ತಾ ಇರುತ್ತೆ."

ಪೇಂಟರಣ್ಣ ನಕ್ಕ. "ಬಣ್ಣದಲ್ಲಿ ಹರಿಯಲ್ಲ ಅಂದ್ರೆ ಮುಟ್ಟಿದೋರಿಗೂ ಹರಿಯಲ್ಲ. ಹೆಂಗೆ?"

ತಂಗಿ ಬಾಗಿಲ ಮೇಲೆ ಬೆರಳಿಟ್ಟು ತೋರಿಸಿದಳು. ಯಾರೋ ಕಲ್ಲಿನಿಂದ ಹೂವು ಗೀಚಿದ್ದರು. ಗೀಚಿದಲ್ಲೆಲ್ಲ ಬರಿ ಕಬ್ಬಿಣ ಹೊಳೆಯುತ್ತಿತ್ತು.

ಪೇಂಟರಣ್ಣನ ನಗು ಅಲ್ಲೇ ನಿಂತಿತು. ಅದು ಅವನ ಮಗಳು ಪುಟ್ಟಿ ಬೆಳಿಗ್ಗೆ ಬಿಡಿಸಿದ್ದು. ಬಣ್ಣ ಹಾಳಾಯಿತೆಂದು ಅವನೇ ಗದರಿ ಕಳಿಸಿದ್ದ.

"ಬರಿಗಾಲಲ್ಲಿ ಇದ್ಲು ಕಣೆ," ಎಂದ.

"ಆಗ ಕರೆಂಟ್ ಇರಲಿಲ್ಲ ಅಣ್ಣಾ. ಹೆದರ್ಕೋಬೇಡ. ನೀನು ಬೇಕಂತ ಮಾಡಿದ್ದಲ್ವಲ್ಲ. ಈಗ ಸರಿ ಮಾಡೋಣ, ಬಾ."

ತನ್ನ ಕೈಯ ಬಣ್ಣವನ್ನು ತಾನೇ ಕೆರೆಯುವುದೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೂ ಅವನು ಬೋಲ್ಟಿನ ಜಾಗವನ್ನು ಬೆಳ್ಳಗಾಗುವವರೆಗೆ ಕೆರೆದ. ತಂಗಿ ವೈರು ಬಿಗಿದಳು, ಬಾಗಿಲಿಗೂ ಬೇರೆ ಅರ್ತ್ ಕೊಟ್ಟಳು. ಈ ಸಲ ಮೀಟರು ಪೀಂ ಎಂದಿತು.

"ಇನ್ನು ಬೋಲ್ಟಿನ ಮೇಲೆ ಬೇಕಾದ್ರೆ ಬಣ್ಣ ಬಳಿ. ತುಕ್ಕು ಹಿಡಿಯಲ್ಲ," ಎಂದಳು. ಅವನ ಮುಖ ಸ್ವಲ್ಪ ಅರಳಿತು. ನೀರು ಒಳಗಿಳಿಯದಂತೆ ತಡೆಯುವ ಹೊಸ ರಬ್ಬರು ತರಲು ಅವನೇ ಅಂಗಡಿಗೆ ಓಡಿದ. ಬೀಗವನ್ನೂ ತಂದ.

ಸಂಜೆ ಪುಟ್ಟಿ ಗೋಡೆಗೆ ಅಂಗೈ ಇಟ್ಟು ಕೇಕೆ ಹಾಕಿದಳು. ಸುಸ್ತಾಗಿ ಅದೇ ಪೆಟ್ಟಿಗೆಗೆ ಒರಗಿ ಕೂತಳು. ಪೇಂಟರಣ್ಣ ಎಬ್ಬಿಸಲೆಂದು ಎರಡು ಹೆಜ್ಜೆ ಇಟ್ಟ. ಆದರೆ ಏಳು ಎನ್ನಲಿಲ್ಲ, ತಾನೂ ಹೋಗಿ ಪಕ್ಕದಲ್ಲಿ ಕೂತ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ದೀಪದ ಪೆಟ್ಟಿಗೆಯ ಬಾಗಿಲು ತೆರೆದಿದೆಯೇ? ಬೀಗವಿಲ್ಲವೇ? ಹೊಸದಾಗಿ ಬಣ್ಣ ಬಳಿದಿದ್ದಾರೆಯೇ? ನೀವು ಕೈ ಹಾಕಬೇಡಿ. ಮಕ್ಕಳನ್ನು ದೂರ ನಿಲ್ಲಿಸಿ, ವೈರಿಂಗ್ ಬಲ್ಲವರನ್ನು ಕರೆಸಿ, ಅರ್ತ್ ಪರೀಕ್ಷೆ ಮಾಡಿಸಿ. ಮಕ್ಕಳು ಗೋಡೆಯನ್ನಷ್ಟೇ ಮುಟ್ಟುವುದಿಲ್ಲ, ಕಂಡದ್ದನ್ನೆಲ್ಲ ಮುಟ್ಟುತ್ತಾರೆ.