ಹೆಬಳೆಯ ಸೊಸೆಯಂದಿರ ತಂಡ

ನಮ್ಮ ಹೊಸಗದ್ದೆಯ ಹುಡುಗಿಯರ ಕಬಡ್ಡಿ ತಂಡ ಫೈನಲ್ಲಿಗೆ ಹೋಗುತ್ತದೋ ಇಲ್ಲವೋ ಎಂದು ತಿಳಿಯಬೇಕಾದವರು ಮೊದಲು ನನ್ನನ್ನು ಕೇಳಬೇಕು. ದೇವಪ್ಪ ಮಾಸ್ತರನ್ನಲ್ಲ. ಅವರು ತಂಡಕ್ಕೆ ಆಟ ಕಲಿಸುವವರು, ನಿಜ. ಆದರೆ ಅವರ ಬಾಯಲ್ಲಿ ಎಲ್ಲ ಹುಡುಗಿಯರೂ ಒಳ್ಳೆಯವರೇ. ನಾನು ಹಾಗಲ್ಲ. ಹದಿನಾಲ್ಕು ವರ್ಷದಿಂದ ಒಂದು ಪಂದ್ಯವನ್ನೂ ಬಿಡದೆ ನೋಡಿದವಳು. ಕುಮಟೆಯ ಸಂತೆಯಲ್ಲಿ ಬಸಳೆ ಕಟ್ಟು ಮಾರುತ್ತ ಕೂತಾಗಲೂ ತಲೆಯಲ್ಲಿ ಏಳು ಜನರನ್ನು ನಿಲ್ಲಿಸುತ್ತಿರುತ್ತೇನೆ, ತೆಗೆಯುತ್ತಿರುತ್ತೇನೆ, ಮತ್ತೆ ನಿಲ್ಲಿಸುತ್ತಿರುತ್ತೇನೆ. ಗಿರಾಕಿ ಎರಡು ಸಲ ಕರೆದರೂ ಕಿವಿಗೆ ಬೀಳುವುದಿಲ್ಲ. ಹಾಗಂತ ನಾನು ಜನ್ಮದಲ್ಲಿ ಒಂದು ದಿನವೂ ಆಡಿದವಳಲ್ಲ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಸೀರೆ ಎತ್ತಿ ಕಟ್ಟುತ್ತಿದ್ದದ್ದು ಗದ್ದೆ ನಟ್ಟಿಗೆ ಮಾತ್ರ.

ಈ ವರ್ಷದ ತಂಡದ ಬಗ್ಗೆ ನನ್ನ ಲೆಕ್ಕ ಸ್ಪಷ್ಟವಿತ್ತು. ಎಡಮೂಲೆಗೆ ಪ್ರಿಯಾ. ಇಪ್ಪತ್ತರ ಹುಡುಗಿ, ಎದುರಾಳಿಯ ಕಾಲು ಹಿಡಿದಳೆಂದರೆ ಉಡದ ಪಟ್ಟು. ರೇಡಿಗೆ ಸಂಪದಾ, ತೋಟದ ಕಡೆಯ ಭಟ್ಟರ ಮಗಳು. ಕಾಲು ಚುರುಕು, ಧೈರ್ಯ ಸಾಲದು. "ಪೆಟ್ಟಾದ್ರೆ ಯಂಗೆ ಪರೀಕ್ಷೆ ಬರೆಯಲೆ ಆಗ್ತಿಲ್ಲೆ ಬಂಗಾರಕ್ಕಾ" ಎಂದು ಮೊದಲೇ ಅಳುವವಳು. ಉಳಿದ ನಾಲ್ವರು ಹಿಡಿಯಲು ಪರವಾಗಿಲ್ಲ, ಒಳಗೆ ಹೋಗಿ ಮುಟ್ಟಿ ಬರಲು ಆಗದವರು. ಏಳನೆಯವಳು ರೂಪಾ. ನನ್ನ ಮಗಳು ಎಂದು ಹೇಳುತ್ತಿಲ್ಲ, ಕುಮಟೆ ತಾಲೂಕಿನಲ್ಲಿ ಅವಳಂಥ ರೇಡರ್ ಇನ್ನೊಬ್ಬಳಿಲ್ಲ. ಅವಳಿದ್ದರೆ ಈ ಸಲ ಫೈನಲ್ ಖಂಡಿತ. ಅವಳಿಲ್ಲದಿದ್ದರೆ ಸೆಮಿಫೈನಲ್ಲಿಗೆ ಹೇಗೋ ತೆವಳಿಕೊಂಡು ಹೋಗಬಹುದು, ಅಷ್ಟೆ.

ಫೈನಲ್ ಎಂದರೆ ಕಪ್ಪಿನ ಆಸೆ ಮಾತ್ರವಲ್ಲ. ಹೊನ್ನಾವರದ ಈ ಪಂದ್ಯಾವಳಿಯಲ್ಲಿ ಫೈನಲ್ಲಿಗೆ ಬಂದ ಎರಡು ತಂಡಗಳಿಂದಲೇ ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಆರಿಸುತ್ತಾರೆ. ಮೂರು ವರ್ಷ ನಾವು ಸೆಮಿಯಲ್ಲೇ ಸೋತು ಮನೆಗೆ ಬಂದಿದ್ದೆವು. ರೂಪಾಗೆ ಈಗ ಇಪ್ಪತ್ತನಾಲ್ಕು. ಆರು ತಿಂಗಳ ಹಿಂದೆ ಭಟ್ಕಳದ ಹತ್ತಿರದ ಹೆಬಳೆಗೆ ಮದುವೆ ಮಾಡಿಕೊಟ್ಟಿದ್ದೆವು. ಇನ್ನೊಂದು ವರ್ಷ ಕಳೆದರೆ ಮಡಿಲಲ್ಲಿ ಕೂಸು ಬಂದೀತು. "ಅವ್ವಿ, ಇದೊಂದು ಸಲ ಮಾತ್ರ" ಎಂದು ಅವಳೇ ನನ್ನ ಹತ್ತಿರ ಹೇಳಿದ್ದಳು.

ಹೆಸರು ಕೊಡಲು ಹನ್ನೆರಡು ದಿನ ಇರುವಾಗ ದೇವಪ್ಪ ಮಾಸ್ತರ ಫೋನು ಬಂತು.

"ಬಂಗಾರಕ್ಕ, ರೂಪಾನ ಆಧಾರ್ ಕಾರ್ಡಲ್ಲಿ ಹೆಬಳೆ ವಿಳಾಸ ಇತ್ತಲ್ದಾ. ಎಂತ ಮಾಡೂದು ಈಗ?"

ಈ ಪಂದ್ಯಾವಳಿ ಪಂಚಾಯತಿ ಸೀಮಿತ. ಆಯಾ ಪಂಚಾಯತಿಯಲ್ಲಿ ವಾಸವಿರುವವರೇ ಆಡಬೇಕು, ಆಧಾರಿನ ವಿಳಾಸ ನೋಡಿಯೇ ಒಳಗೆ ಬಿಡುತ್ತಾರೆ. ಹಿಂದೆಲ್ಲ ಒಂದೊಂದು ಊರಿನವರು ದೂರದಿಂದ ಆಟಗಾರರನ್ನು ಕರೆತಂದು ಗೆಲ್ಲುತ್ತಿದ್ದರು. ಈ ನಿಯಮ ತಂದ ದಿನ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ರೂಪಾಳ ವಿಳಾಸ ಬದಲಾಯಿಸಿದವಳೂ ನಾನೇ. ಮದುವೆಯಾಗಿ ತಿಂಗಳು ತುಂಬುವುದರೊಳಗೆ ಅಳಿಯ ಅರುಣನ ಬೆನ್ನು ಹತ್ತಿದ್ದೆ. ಗಂಡನ ಮನೆಯ ರೇಷನ್ ಕಾರ್ಡಿನಲ್ಲಿ ಮಗಳ ಹೆಸರು ಬರಬೇಕು, ಅವಳನ್ನು ಯಾರೂ ಬಂದುಹೋಗುವ ನೆಂಟರ ಹಾಗೆ ನೋಡಬಾರದು ಎಂಬುದು ನನ್ನ ಹಟ. "ನಿಧಾನ ಮಾಡುವ ಅತ್ತೆ" ಎಂದು ಅವನು ಹೇಳಿದರೂ ಕೇಳದೆ ಇಬ್ಬರನ್ನೂ ಭಟ್ಕಳದ ಸೇವಾ ಕೇಂದ್ರದ ಸಾಲಿನಲ್ಲಿ ನಿಲ್ಲಿಸಿದ್ದೆ. ಮತ್ತೆ ಬದಲಾಯಿಸಲು ಒಂದು ತಿಂಗಳು ಬೇಕಂತೆ. ನನ್ನ ಕೈಗೆ ಬೆಂಕಿ ಬಿದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ನನ್ನ ಗಂಡ ಸೋಮ ವರ್ಷಕ್ಕೆರಡು ಮಾತಾಡುವವರು. ಅವತ್ತೇ ಬಾಯಿ ಬಿಟ್ಟರು. "ಝೆರಾಕ್ಸ್ ಅಂಗಡೀಲಿ ವಿಳಾಸ ತಿದ್ದಿಕೊಡ್ತ್ರಂತೆ."

"ಸುಮ್ಮನಿರಿ!" ಎಂದೆ. "ಕಳ್ಳ ಕಾಗದ ತೋರ್ಸಿ ಆಡೂದಾದ್ರೆ ನನ್ನ ಮಗಳು ಆಡೂದೇ ಬ್ಯಾಡ."

ಮರುದಿನ ಬೆಳಿಗ್ಗೆಯೇ ಹೊನ್ನಾವರದ ಬಸ್ಸು ಹಿಡಿದೆ. ಪಂದ್ಯಾವಳಿಯ ಕಾರ್ಯದರ್ಶಿ ತ್ರ್ಯಂಬಕ ಭಟ್ಟರು ಮನೆಯ ಜಗಲಿಯಲ್ಲೇ ಸಿಕ್ಕಿದರು. ಮಗಳು ಹುಟ್ಟಿದ್ದು, ಬೆಳೆದದ್ದು, ಆಟ ಕಲಿತದ್ದು ಎಲ್ಲ ಹೊಸಗದ್ದೆಯಲ್ಲೇ ಎಂದು ಅರ್ಧ ಗಂಟೆ ವಾದ ಮಾಡಿದೆ. ಅವರು ಎಲೆಅಡಿಕೆಯ ಕವಳ ಜಗಿಯುತ್ತ ಪೂರ್ತಿ ಕೇಳಿದರು.

"ಬಂಗಾರಮ್ಮ, ಅವತ್ತು ಚಪ್ಪಾಳೆ ಹೊಡೆದವ್ರು ನೀವೇ ಅಲ್ದಾ?"

"ಹೊಡ್ದೆ. ಈಗ ಕೈ ಕಡಿಸ್ಕೊಳ್ಳೂದಾ?"

ಭಟ್ಟರು ನಕ್ಕರು. "ಎಂತಕ್ಕೆ ಸಿಟ್ಟು? ಕಾರ್ಡು ಹೆಬಳೇದು. ಹೆಬಳೆ ಪಂಚಾಯತಿಯಿಂದ ತಂಡ ಬಂದ್ರೆ ನಾನೇ ಅವಳ ಹೆಸರು ಬರ್ಕೊಳ್ತೆ. ಅಲ್ಲಿಂದ ಇಷ್ಟು ವರ್ಷ ಹುಡುಗಿಯರ ತಂಡವೇ ಬಂದಿಲ್ಲ, ಅದಕ್ಕೆ ನಾನು ಎಂತ ಮಾಡ್ಲಿ?"

ಅಲ್ಲಿಂದ ಮನೆಗೆ ಹೋಗಲಿಲ್ಲ. ಸೀದಾ ಹೆಬಳೆಗೆ ಹೋದೆ. ರೂಪಾ ಹಿತ್ತಲಲ್ಲಿದ್ದಳು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ ತೆಂಗಿನ ಮರದವರೆಗೆ ಓಡಿ, ಮರ ಮುಟ್ಟಿ ಹಿಂದೆ ಬರುತ್ತಿದ್ದಳು. ನನ್ನನ್ನು ಕಂಡವಳೇ, "ಅವ್ವಿ, ಹೆಸರು ಕೊಟ್ಟಾತಾ?" ಎಂದಳು. ವಿಷಯ ಹೇಳಿದೆ. ಅವಳು ಬೈಯಲಿಲ್ಲ. "ಹೋಗ್ಲಿ ಬಿಡು" ಎಂದು ವೇಲು ಬಿಚ್ಚಿ, ಬಾವಿಕಟ್ಟೆಯಲ್ಲಿದ್ದ ಪಾತ್ರೆ ತಿಕ್ಕಲು ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬೆನ್ನು ನೋಡಿ ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ನಾನು ಕೆಡಿಸಿದ್ದನ್ನು ನಾನೇ ಸರಿಮಾಡಬೇಕು, ಹನ್ನೊಂದು ದಿನ ಇದೆ ಎಂದುಕೊಂಡೆ.

ಬೀಗತಿ ಮಾದೇವಿ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಅವರು ಏನಂದಾರೋ ಎಂಬ ಹೆದರಿಕೆ ನನಗಿತ್ತು. ಚಾ ಲೋಟ ನನ್ನ ಮುಂದಿಟ್ಟು, "ಈ ಊರಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸ್ದವ್ರೇ ಇಲ್ಲ. ಆದ್ರೆ ಸೊಸೆದಿಕ್ಕಳು ಇದ್ರಲ್ಲ" ಎಂದರು.

"ಸೊಸೆದಿಕ್ಕಳು?"

"ನಮ್ಮ ಕೇರೀಲೇ ನೋಡಿ, ತವರಲ್ಲಿ ಆಡಿ ಬಂದವ್ರು. ಒಬ್ಳು ಶಿರಾಲಿಯವ್ಳು, ಒಬ್ಳು ಮುರ್ಡೇಶ್ವರದವ್ಳು, ಮತ್ತೊಬ್ಳು ಹೊನ್ನಾವರದ ಹೈಸ್ಕೂಲಲ್ಲಿ ಆಡ್ತಿದ್ದವ್ಳು. ಎಲ್ರ ಕಾರ್ಡೂ ಇಲ್ಲಿಗೇ ಬಂದಿತ್ತು. ರೇಷನ್ ಬಿಡ್ತ್ರಾ ಯಾರಾದ್ರೂ?"

ಆ ಹೆಂಗಸಿನ ಕಾಲಿಗೆ ಬೀಳಬೇಕು ಅನ್ನಿಸಿತು. ಅವತ್ತು ಸಂಜೆಯೇ ಇಬ್ಬರೂ ಮನೆಮನೆ ಹತ್ತಿದೆವು. ಬೀಗತಿ ಮಾತಾಡುತ್ತಿದ್ದರು, ನಾನು ನೋಡುತ್ತಿದ್ದೆ. ತುಂಬಿದ ಕೊಡ ಎತ್ತುವಾಗ ಯಾರ ಸೊಂಟ ಅಲುಗುವುದಿಲ್ಲ, ಗೇಟಿನ ಹತ್ತಿರ ಎಮ್ಮೆಗರು ನುಗ್ಗಿದರೆ ಯಾರು ಹಿಂದೆ ಸರಿಯುವುದಿಲ್ಲ ಎಂದು. ಶಿರಾಲಿಯವಳ ಗಂಡ ಗೊಣಗಿದ. "ನಿಮ್ಮನೆ ಸೊಸೆ ಗೆದ್ದು ಬಂದ್ರೆ ಫೋಟೋದಲ್ಲಿ ಮುಂದೆ ನಿಲ್ಲೂದು ನೀವೇ ಮಾರಾಯ್ರೆ" ಎಂದೆ. ಅಷ್ಟಕ್ಕೆ ಒಪ್ಪಿದ. ಒಬ್ಬಳು ಆಟ ಬಿಟ್ಟು ಎಂಟು ವರ್ಷವಾಗಿತ್ತು, ಎರಡು ಮಕ್ಕಳ ತಾಯಿ. "ಹೌದಾ ಅಕ್ಕಾ? ನಾನಾ?" ಎಂದು ಕೇಳುವಾಗಲೇ ಅವಳ ಕಣ್ಣು ಹೊಳೆಯಿತು. ಅವಳನ್ನು ಬಲಮೂಲೆಗೆ ಹಾಕಿದೆ.

ಜನ ನೋಡುವ ಬಯಲಲ್ಲಿ ಆಡಲು ಸೊಸೆಯಂದಿರಿಗೆ ನಾಚಿಕೆ. ಪಕ್ಕದ ನವಾಯತ ಮುಸ್ಲಿಮರ ಮನೆಯ ಅಮ್ಮ ತಮ್ಮ ಎತ್ತರದ ಕಂಪೌಂಡಿನೊಳಗಿನ ಮರಳಿನ ಅಂಗಳ ತೆರೆದುಕೊಟ್ಟರು. "ಹತ್ತು ದಿನ ಕ್ಯಾ, ತಿಂಗಳು ಆಡಿ" ಎಂದು ಕುರ್ಚಿ ಹಾಕಿಕೊಂಡು ನೋಡುತ್ತ ಕೂತರು. ನಾನು ಸಂತೆಯನ್ನು ಸೋಮನಿಗೆ ಬಿಟ್ಟು ಬೀಗರ ಮನೆಯಲ್ಲೇ ಉಳಿದೆ. ರೂಪಾ ಕಲಿಸಿದಳು, ನಾನು ಬೈದೆ. ಮೊದಲ ಮೂರು ದಿನ ಎಲ್ಲರ ಮಂಡಿಯೂ ಕಿತ್ತುಹೋಯಿತು. ಆರನೆಯ ದಿನ ಇಬ್ಬರು ಸೇರಿ ರೂಪಾಳನ್ನೇ ಹಿಡಿದು ಕೆಡವಿದರು. ಸಾಕು, ತಂಡ ಆಯಿತು ಎಂದು ನನಗೆ ಗೊತ್ತಾಯಿತು. ಏಳೂ ಜನರ ಕಾರ್ಡು ಹಿಡಿದುಕೊಂಡು ಹೋಗಿ ಭಟ್ಟರ ಹತ್ತಿರ ಹೆಸರು ಬರೆಸಿ ಬಂದೆ.

ಆ ಹತ್ತು ದಿನದಲ್ಲಿ ನಾನು ಯೋಚಿಸದೆ ಇದ್ದದ್ದು ಒಂದೇ. ಹೆಬಳೆ ಗೆಲ್ಲುತ್ತ ಹೋದರೆ ಎಲ್ಲೋ ಒಂದು ಕಡೆ ಹೊಸಗದ್ದೆ ಎದುರಾಗಬೇಕು.

ಎದುರಾದದ್ದು ಸೆಮಿಫೈನಲ್ಲಿನಲ್ಲಿ. ಭಾನುವಾರ ಮಧ್ಯಾಹ್ನ, ಹೊನ್ನಾವರದ ಮೈದಾನದಲ್ಲಿ ಸುಡುವ ಬಿಸಿಲು. ಬೆಳಿಗ್ಗೆ ಎರಡು ಪಂದ್ಯ ಗೆದ್ದ ಸೊಸೆಯಂದಿರು ಏದುಸಿರು ಬಿಡುತ್ತಿದ್ದರು. ದೇವಪ್ಪ ಮಾಸ್ತರು ನನ್ನ ಹತ್ತಿರ ಬಂದು, "ಎಂತ ಮಾಡ್ಬಿಟ್ರಿ ಬಂಗಾರಕ್ಕ" ಎಂದಷ್ಟೇ ಹೇಳಿದರು. ಆ ಕಡೆ ಬೀಗತಿ ನನಗಾಗಿ ಜಾಗ ಹಿಡಿದು ಕೈಬೀಸುತ್ತಿದ್ದರು. ನನ್ನ ಕಾಲು ಮಾತ್ರ ಅಭ್ಯಾಸ ಬಲದಿಂದ ಹೊಸಗದ್ದೆಯ ಎಡಮೂಲೆಗೆ, ಪ್ರಿಯಾ ನಿಲ್ಲುವ ಗೆರೆಯ ಪಕ್ಕಕ್ಕೇ ಹೋಯಿತು. ಅಲ್ಲೇ ಕೂತೆ.

ಪ್ರಿಯಾಳಿಗೆ ಒಂದು ದೋಷ. ಎದುರಾಳಿಯ ಕಾಲು ಕಂಡ ಕೂಡಲೇ ಹಾರಿಬಿಡುತ್ತಾಳೆ. ಎದುರಾಳಿ ಹಿಂದೆ ತಿರುಗುವವರೆಗೆ ಕಾದರೆ ಹಿಡಿತ ತಪ್ಪುವುದೇ ಇಲ್ಲ. ಕಾಯಬೇಕಾದ ಆ ಗಳಿಗೆಯಲ್ಲಿ ನಾನು ಗೆರೆಯಾಚೆಯಿಂದ "ತಡಿಯೇ!" ಎಂದು ಕೂಗುತ್ತೇನೆ, ಅವಳು ತಡೆಯುತ್ತಾಳೆ. ಅವತ್ತೂ ಮೊದಲರ್ಧದಲ್ಲಿ ರೂಪಾ ಒಳಗೆ ಬಂದಾಗ ನನಗೆ ಗೊತ್ತಿಲ್ಲದೆಯೇ ಬಾಯಿ ಕೂಗಿತು. ಪ್ರಿಯಾ ಕಾದಳು, ಹಿಡಿದಳು. ಎರಡನೇ ಸಲವೂ ಹಾಗೇ ಆಯಿತು. ಔಟಾಗಿ ಹೊರಗೆ ಕೂತ ರೂಪಾ ಅಂಕಣದ ಆಚೆಯಿಂದ ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಎಂಟು ವರ್ಷದವಳಿದ್ದಾಗ ಜಾತ್ರೆಯ ಗದ್ದಲದಲ್ಲಿ ನನ್ನ ಕೈ ತಪ್ಪಿ ನಿಂತಿದ್ದಳಲ್ಲ, ಆಗ ನೋಡಿದ ಹಾಗೆ ನೋಡಿದಳು.

ಪಂದ್ಯ ಮುಗಿಯಲು ಒಂದೇ ರೇಡ್ ಉಳಿದಿತ್ತು. ಇಪ್ಪತ್ತೇಳು, ಇಪ್ಪತ್ತೇಳು. ರೇಡು ರೂಪಾಳದು. ಒಂದು ಅಂಕ ತಂದರೆ ಹೆಬಳೆ ಫೈನಲ್ಲಿಗೆ, ಸಿಕ್ಕಿಬಿದ್ದರೆ ಹೊಸಗದ್ದೆ. ರೂಪಾ ಗೆರೆ ದಾಟಿ ಬಂದಳು. ಬಲಗಡೆ ಸುಳ್ಳು ಹೆಜ್ಜೆ ಇಟ್ಟು ಎಡಮೂಲೆಗೆ ಹೊರಳಿ, ಪ್ರಿಯಾಳ ಮುಂದೆ ಕಾಲು ಚಾಚಿದಳು. ಪ್ರಿಯಾಳ ಭುಜ ಮುಂದಕ್ಕೆ ಬಾಗಿತು. ಹಾರುತ್ತಾಳೆ ಎಂದು ನನಗೆ ಗೊತ್ತಾಯಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಹಲ್ಲು ಕಚ್ಚಿ ನುಂಗಿದೆ.

ಪ್ರಿಯಾ ಹಾರಿದಳು. ರೂಪಾ ಕಾಲೆಳೆದುಕೊಂಡಳು, ಕೆಳಗೆ ಬಿದ್ದವಳ ಬೆನ್ನು ಮುಟ್ಟಿ ಒಂದೇ ನೆಗೆತಕ್ಕೆ ಮಧ್ಯದ ಗೆರೆ ದಾಟಿದಳು. ಸೊಸೆಯಂದಿರು ಕಿರುಚಿದ ಸದ್ದಿಗೆ ಮೈದಾನವೇ ಎದ್ದು ನಿಂತಿತು. ನನಗೆ ಏಳಲು ಆಗಲಿಲ್ಲ.

ಸಂಜೆ ಫೈನಲ್ಲಿನಲ್ಲಿ ಹೆಬಳೆ ಸೋತಿತು. ಏಳರಲ್ಲಿ ಐವರಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಆದರೆ ಆರಿಸುವವರು ಓದಿದ ಪಟ್ಟಿಯಲ್ಲಿ ರೂಪಾಳ ಹೆಸರು ಎರಡನೆಯದು. ಅವಳು ಓಡಿಬಂದು ನನ್ನನ್ನು ಎತ್ತಿಯೇಬಿಟ್ಟಳು. ಮುಖದ ತುಂಬ ಮಣ್ಣು, ಕಣ್ಣೀರು. ನನಗೆ ಆದ ಸಂತೋಷ ಆ ದೇವರಿಗೇ ಗೊತ್ತು.

ಪ್ರಿಯಾ ಹೊರಡುವ ಮೊದಲು ನನ್ನ ಎದುರು ಬಂದು ನಿಂತಳು. ಹಣೆಗೆ ಪಟ್ಟಿ ಹಾಕಿದ್ದರು.

"ಅಕ್ಕಾ, ಕಡೇ ಸಲ ನೀವು ಕೂಗ್ಲಿಲ್ಲ."

"ಇಲ್ಲ."

"ಮರ್ತು ಹೋತಾ?"

ಹೌದು ಎಂದಿದ್ದರೆ ಅವಳು ನಂಬುತ್ತಿದ್ದಳು. "ಮರ್ತಿದ್ದಲ್ಲ ತಂಗಿ. ಗೊತ್ತಿದ್ದೇ ಕೂಗ್ಲಿಲ್ಲ. ರೂಪಾಗೆ ಇದೇ ಕಡೆ ವರ್ಷ."

"ಗೆದ್ದಿದ್ರೆ ನನ್ನ ಹೆಸರೂ ಬತ್ತಿತ್ತಲ್ಲ ಅಕ್ಕಾ" ಎಂದಳು. "ಇನ್ನು ನಮ್ಮ ಪಂದ್ಯಕ್ಕೆ ಬರಬ್ಯಾಡಿ." ತಿರುಗಿ ನೋಡದೆ ಟೆಂಪೋ ಹತ್ತಿದಳು. ಹದಿನಾಲ್ಕು ವರ್ಷ ನಾನು ತಂಡದ ಹುಡುಗಿಯರೊಂದಿಗೆ ಕೂತು ಬರುತ್ತಿದ್ದ ಟೆಂಪೋ ಅದು. ನಾನು ಬಸ್ಸಿಗೆ ಬಂದೆ.

ಮರುದಿನ ಸಂತೆ ಮುಗಿಸಿ, ಸಂಜೆ ಐದಕ್ಕೆ ಹೊಸಗದ್ದೆಯ ಬಯಲಿಗೆ ಹೋದೆ. ಹೋಗಬೇಡ ಎಂದು ಸೋಮ ಹೇಳಿದರು, ವರ್ಷದ ಎರಡನೇ ಮಾತು. ನಾನು ತಪ್ಪು ಮಾಡಿದೆ ಅನ್ನುವುದಿಲ್ಲ, ನಾಳೆ ಅದೇ ಗಳಿಗೆ ಬಂದರೂ ನುಂಗುತ್ತೇನೆ. ಹಾಗಂತ ಆ ಹುಡುಗಿಯನ್ನು ಬಿಟ್ಟುಕೊಡಲು ನನ್ನಿಂದ ಸಾಧ್ಯವಿಲ್ಲ. ಅವಳಿಗೆ ಇಪ್ಪತ್ತೇ ವರ್ಷ. ಮುಂದಿನ ವರ್ಷ ಅವಳ ಹೆಸರು ಪಟ್ಟಿಯಲ್ಲಿ ಮೊದಲು ಬರಬೇಕು.

ಹುಡುಗಿಯರು ಆಡುತ್ತಿದ್ದರು. ಯಾರೂ ಮಾತಾಡಿಸಲಿಲ್ಲ. ದೇವಪ್ಪ ಮಾಸ್ತರು ಬೇರೆ ಕಡೆ ನೋಡಿದರು. ಎಡಮೂಲೆಯ ಗೆರೆಯ ಪಕ್ಕ ಕೂತೆ. ಸಂಪದಾ ರೇಡಿಗೆ ಬಂದಳು, ಪ್ರಿಯಾ ಕಾಲು ಕಂಡಕೂಡಲೇ ಹಾರಿ ಮಣ್ಣು ಮುಕ್ಕಿದಳು. ಎದ್ದು ಮೈ ಕೊಡವಿಕೊಳ್ಳುವಾಗ ನಾನಿರುವುದನ್ನು ಕಂಡಳು, ಮುಖ ತಿರುಗಿಸಿದಳು.

ಸಂಪದಾ ಮತ್ತೆ ಬಂದಳು. ಮತ್ತೆ ಕಾಲು ಚಾಚಿದಳು.

"ತಡಿಯೇ!" ಎಂದು ಇಡೀ ಬಯಲಿಗೆ ಕೇಳುವ ಹಾಗೆ ಕೂಗಿದೆ.

ಪ್ರಿಯಾ ನನ್ನ ಕಡೆ ನೋಡಲಿಲ್ಲ. ಆದರೆ ತಡೆದಳು.